ನೆಲದೊಳಗಿನ ರೈಲಿನಲ್ಲಿ ಕೆಂಚಮ್ಮನ ಟಿಕೆಟ್

ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು ನೂರ ಅರವತ್ತು ಕಿಲೋಮೀಟರ್. ನಮ್ಮಿಬ್ಬರಿಗೆ ಬಸ್ ಚಾರ್ಜು ಸೊನ್ನೆ. ಸರ್ಕಾರಿ ಬಸ್ಸು, ನಾವು ಹೆಂಗಸರು, ಕೈಯಲ್ಲಿ ಆಧಾರ್ ಕಾರ್ಡು. ಬೆಂಗಳೂರಿನೊಳಗೆ ಜಾಲಹಳ್ಳಿಯಿಂದ ಚಿಕ್ಕಪೇಟೆವರೆಗೆ ಮೆಟ್ರೋ ರೈಲಿಗೆ ತಲೆಗೆ ಅರವತ್ತು ರೂಪಾಯಿ. ಅಲ್ಲಿ ಆಧಾರ್ ನಡೆಯುವುದಿಲ್ಲ. ತೋರಿಸಿ ನೋಡಿದ್ದೇನೆ. ಇಬ್ಬರಿದ್ದೇವೆ, ನೂರಕ್ಕೆ ಮಾಡಿಕೊಡಿ ಎಂದೂ ಕೇಳಿದೆ. ಗಾಜಿನ ಹಿಂದಿದ್ದ ಹುಡುಗಿ ನಕ್ಕು, ರೇಟು ಹೇಳುವುದು ಮಷೀನು, ನಾನಲ್ಲ ಎಂದಳು. ಮಷೀನಿನ ಜೊತೆ ಚೌಕಾಸಿ ನಡೆಯುವುದಿಲ್ಲವೆಂದು ಅವತ್ತು ಕಲಿತೆ.

ಹೋಗಿದ್ದಕ್ಕೆ ಕಾರಣ ಎರಡು. ನಾನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸಂತೆಗಳಲ್ಲಿ ಸ್ಟೀಲ್ ಪಾತ್ರೆ ಮಾರುವವಳು. ಹಳೇ ಸೀರೆಗೆ ಪಾತ್ರೆ ಬದಲು ಕೊಡುತ್ತಾ ತಲೆಮೇಲೆ ಬುಟ್ಟಿ ಹೊತ್ತು ಶುರುಮಾಡಿದ ವ್ಯಾಪಾರ, ಈಗ ಸ್ವಂತ ಆಟೋದಲ್ಲಿ ಸರಕು ಹೋಗುತ್ತದೆ. ಚಿಕ್ಕಪೇಟೆಯ ಹೋಲ್‌ಸೇಲ್ ದರ ನೋಡಬೇಕಿತ್ತು. ಎರಡನೆಯದು, ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ಕೆಂಚಮ್ಮ. ಹಿರಿಯೂರಿನ ಪಕ್ಕದ ಆದಿವಾಲದಲ್ಲಿ ಕುರಿ ಕಾಯ್ದೇ ಅರವತ್ತು ದಾಟಿದವರು. ಓದು ಬಾರದು, ಫೋನ್ ಇಟ್ಟುಕೊಳ್ಳುವುದಿಲ್ಲ, ಚಿತ್ರದುರ್ಗ ಬಿಟ್ಟು ಆಚೆ ಹೋದವರಲ್ಲ. ನೆಲದೊಳಗೆ ರೈಲು ಓಡುತ್ತದೆ ಎಂದು ಯಾರೋ ಹೇಳಿದ್ದು ಅವರ ತಲೆಗೆ ಹೊಕ್ಕಿತ್ತು. "ನಮ್ಮ ನೆಲದಾಗೆ ಎಂಟುನೂರು ಅಡಿ ಕೊರೆದ್ರೂ ಕಲ್ಲುಪುಡಿ ಬರ್ತೈತೆ. ಅವರ ನೆಲದಾಗೆ ರೈಲು ಹಿಡಿಸೋವಷ್ಟು ಜಾಗ ಎಲ್ಲೈತೆ? ನೋಡ್ಬೇಕು ಲೇ ಗಂಗಿ" ಎಂದಿದ್ದರು. ಕರೆದುಕೊಂಡು ಹೋಗಲು ಅವರ ಮಕ್ಕಳು ಒಪ್ಪಿರಲಿಲ್ಲ. ಹಿಂದಕ್ಕೆ ಕರೆದು ತಂದು ಮನೆಗೆ ಬಿಡುವ ಜವಾಬ್ದಾರಿ ನನ್ನದೆಂದು ನಾನೇ ಮಾತು ಕೊಟ್ಟೆ.

ಬೆಳಗಿನ ಮೊದಲ ಬಸ್ಸು ಹಿಡಿದೆವು. ಶಿರಾ ದಾಟಿದ ಮೇಲೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆವು. ಜಾಲಹಳ್ಳಿ ಕ್ರಾಸಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ನೆಲದೊಳಗೆ ಹೋಗೋಣ ಬನ್ನಿ ಎಂದರೆ ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು. ರೈಲು ಕಂಬಗಳ ಮೇಲೆ, ಮನೆಗಳ ತಾರಸಿಯ ಮಟ್ಟಕ್ಕೆ ನಿಂತಿತ್ತು. ಅತ್ತಿಗೆ ನನ್ನ ಮುಖ ನೋಡಿದರು. "ಇದು ಆಕಾಶದಾಗೈತಲ್ಲೇ" ಎಂದರು.

ಕೊಟ್ಟ ಟಿಕೆಟ್ ನಾಣ್ಯದಂಥ ಪ್ಲಾಸ್ಟಿಕ್ ಬಿಲ್ಲೆ. ಟೋಕನ್ ಎನ್ನುತ್ತಾರೆ. ಒಬ್ಬೊಬ್ಬರೂ ತಮ್ಮದನ್ನು ಮಷೀನಿಗೆ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ಇಬ್ಬರೂ ದಾಟಿದ ಕೂಡಲೇ ಅತ್ತಿಗೆಯ ಬಿಲ್ಲೆಯನ್ನು ಇಸಿದುಕೊಂಡು ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿದೆ. ನಮ್ಮ ಕಡೆ ಬಸ್ಸಿನಲ್ಲಿ ಹತ್ತು ಜನ ಹೊರಟರೂ ಟಿಕೆಟ್ ಇರುವುದು ಒಬ್ಬರ ಕೈಯಲ್ಲೇ. ಉಳಿದವರು ಕಂಡಕ್ಟರಿಗೆ "ಟಿಕೆಟ್ ಹಿಂದೈತೆ" ಎಂದು ಹೆಬ್ಬೆರಳು ತೋರಿಸಿದರೆ ಮುಗಿಯಿತು. ಹೊರಗೆ ಹೋಗಲೂ ಬಿಲ್ಲೆ ಬೇಕೆಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಪಿಗೆ ರಸ್ತೆ ದಾಟಿದ ಮೇಲೆ ಕಿಟಕಿ ಕಪ್ಪಾಯಿತು. ರೈಲು ಕೊನೆಗೂ ನೆಲದೊಳಗೆ ಇಳಿದಿತ್ತು. ಅತ್ತಿಗೆ ಗಾಜಿಗೆ ಮೂಗು ಒತ್ತಿ ಕೂತರು. ಮುಂದೆ ಮೆಜೆಸ್ಟಿಕ್ ಬಂತು. ಚಿಕ್ಕಪೇಟೆ ಅದರಾಚೆಯ ಮೊದಲ ನಿಲ್ದಾಣ, ಇದೇ ರೈಲು ಹೋಗುತ್ತದೆ. ಆದರೆ ದುರ್ಗದ ಕಡೆಯ ಯಾರನ್ನೇ ಕೇಳಿ, ಮೆಜೆಸ್ಟಿಕ್ ಎಂದರೆ ಕೊನೇ ಸ್ಟಾಪು. ಬಸ್ಸು ಅಲ್ಲಿಗೆ ಖಾಲಿ. ಜನ ದಬದಬ ಇಳಿಯುವುದನ್ನು ಕಂಡು ನಾನೂ ಅತ್ತಿಗೆಯ ಕೈ ಹಿಡಿದು ಇಳಿದುಬಿಟ್ಟೆ. ಚಿಕ್ಕಪೇಟೆಗಾದರೆ ಇದೇ ರೈಲು ಹತ್ತಿ ಎಂದು ಪಕ್ಕದವರೊಬ್ಬರು ಹೇಳಿದರು. ಅತ್ತಿಗೆಯನ್ನು ಮುಂದೆ ತಳ್ಳಿ ಹತ್ತಿಸಿ, ನೆಲಕ್ಕಿಟ್ಟಿದ್ದ ಬುತ್ತಿಯ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಅವರ ಮುಖ ಸರಿಯುತ್ತಾ ಹೋಯಿತು. ಬಸ್ಸು ನಿಲ್ಲಿಸುವವರಂತೆ "ಹೋಲ್ಡಾನ್" ಎಂದು ಕೂಗಿ ಬೋಗಿ ತಟ್ಟಿದೆ. ಈ ರೈಲಿಗೆ ಅದು ಅರ್ಥವಾಗಲಿಲ್ಲ.

ಅಲ್ಲೇ ನಿಂತು ಮುಂದಿನ ರೈಲು ಹತ್ತಿದ್ದರೆ ಸಾಕಿತ್ತು. ನಾನು ದೂರು ಹೇಳಲು ಯಾರಾದರೂ ಸಿಗುತ್ತಾರೆಂದು ಮೇಲಕ್ಕೆ ಓಡಿದೆ. ಯಾರನ್ನು ಕೇಳಬೇಕೆಂದು ತಿಳಿಯದೆ ಮತ್ತೆ ಇಳಿದೆ, ಬೇರೆ ಮೆಟ್ಟಿಲಲ್ಲಿ. ಅಲ್ಲೂ ಅಂಥದೇ ಬೆಳಕು, ಅಂಥದೇ ರೈಲು. ಹತ್ತಿದೆ. ಮುಂದಿನ ನಿಲ್ದಾಣ ಬಂದಾಗ ಬೋರ್ಡು ಓದಿದರೆ ರೈಲ್ವೆ ಸ್ಟೇಷನ್. ಮೆಟ್ರೋ ಹತ್ತಿ ಚಿಕ್ಕಪೇಟೆ ಹುಡುಕುತ್ತಾ ರೈಲ್ವೆ ಸ್ಟೇಷನ್ನಿಗೆ ಬಂದಿದ್ದೆ. ಅತ್ತಿಗೆ ಎಲ್ಲಿ ಇಳಿದರೋ, ಯಾವ ಬೀದಿಗೆ ಬಿದ್ದರೋ, ಆದಿವಾಲದಲ್ಲಿ ಅವರ ಮಕ್ಕಳಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಅಲ್ಲೇ ಇಳಿದೆ. ಸಂತೆಯಲ್ಲಿ ಎಂಥವರನ್ನೂ ಮಾತಿನಲ್ಲಿ ಕಟ್ಟಿಹಾಕುವ ನಾನು ಹೋಗಿಬರುವವರ ಮುಖ ನೋಡುತ್ತಾ ಆ ಬೋರ್ಡಿನ ಕೆಳಗೇ ಅತ್ತಿತ್ತ ತಿರುಗಿದೆ.

ಕಾಲೇಜು ಹುಡುಗಿಯೊಬ್ಬಳು ನನ್ನ ಅವಸ್ಥೆ ನೋಡಿ ಕೇಳಿದಳು. ನೀವು ಹತ್ತಿರೋದು ನೇರಳೆ ಲೈನು, ಹೋಗಬೇಕಿರೋದು ಹಸಿರು ಲೈನು ಎಂದಳು. ವಾಪಸ್ ಮೆಜೆಸ್ಟಿಕ್ಕಿಗೆ ಜೊತೆಗೇ ಬಂದು, ಹಸಿರು ಬೋರ್ಡಿನ ದಾರಿ ಹಿಡಿಸಿ, ಸರಿಯಾದ ರೈಲಿಗೆ ಹತ್ತಿಸಿ ಹೋದಳು. ಹೆಸರು ಕೇಳಲೂ ನನಗೆ ತೋಚಲಿಲ್ಲ.

ಚಿಕ್ಕಪೇಟೆಯಲ್ಲಿ ಇಳಿದು ಮೇಲೆ ಬಂದರೆ, ಗೇಟಿನ ಒಳಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ದೊಡ್ಡ ಚೀಲ ಹಿಡಿದ ಹೆಂಗಸರು ಇಳಿದದ್ದನ್ನು ನೋಡಿ, ಪೇಟೆ ಇದೇ ಇರಬೇಕೆಂದು ಅವರ ಹಿಂದೆ ಇಳಿದಿದ್ದರಂತೆ. ಗೇಟಿನಲ್ಲಿ ಟೋಕನ್ ಕೇಳಿದಾಗ ಹೆಬ್ಬೆರಳು ಹಿಂದಕ್ಕೆ ತೋರಿಸಿದ್ದಾರೆ.

ಕಾವಲಿನವನು ನನ್ನನ್ನು ನೋಡಿ ಉಸಿರುಬಿಟ್ಟ. "ಟಿಕೆಟ್ ಹಿಂದಿದೆ ಅಂದ್ರೆ ನೀವೇನಾ? ಪರವಾಗಿಲ್ಲ, ಗೇಟ್ ತೆಗೀತೀನಿ, ಹೊರಗೆ ಹೋಗಿ ಕಾಯಮ್ಮಾ ಅಂದ್ರೂ ಎದ್ದೇಳ್ಲಿಲ್ಲ."

"ಎಲ್ಲೋಗಿದ್ದೆ ಲೇ?" ಎಂದರು ಅತ್ತಿಗೆ. "ಪಾಪ, ಆಗ್ಲಿಂದ ಕೇಳ್ತಾ ಅವ್ರೆ. ಕೊಡು ಅವರಿಗೆ."

ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. "ಟಿಕೆಟ್ ನಿನ್ತಾವ ಐತೆ. ನೀನು ಬರ್ದೆ ಎಲ್ಲೋಗ್ತೀಯ?"

ನನ್ನ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಎಲೆಅಡಿಕೆ ಚೀಲದಿಂದ ಎರಡು ಬಿಲ್ಲೆ ತೆಗೆದೆ. ಹೊರಗೆ ಬಂದು ಕಾಫಿ ಕುಡಿದೆವು. ಪಾತ್ರೆ ದರ ವಿಚಾರಿಸಿದೆ, ಆದರೆ ಅವತ್ತು ಅಂಗಡಿಯವನು ಹೇಳಿದ್ದೇ ರೇಟು. ಜಗ್ಗಾಡುವ ಶಕ್ತಿ ಉಳಿದಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ತುಮಕೂರು ಬರುವ ಮೊದಲೇ ಅತ್ತಿಗೆ ನನ್ನ ಹೆಗಲಿಗೆ ಒರಗಿ ನಿದ್ದೆಹೋದರು. ಹಿರಿಯೂರಿನಲ್ಲಿ ಇಳಿದವರೇ ಕಾಲಿನಿಂದ ನೆಲವನ್ನೊಮ್ಮೆ ಒದ್ದು ನೋಡಿದರು.

ಹೋಗುವವರಿಗೆ ನಾನು ಹೇಳುವುದು ಇಷ್ಟು. ಜಾಲಹಳ್ಳಿಯಲ್ಲೇ ಇಳಿದುಬಿಡಿ, ಊರೊಳಗಿನ ಟ್ರಾಫಿಕ್ಕು ತಪ್ಪುತ್ತದೆ. ಬಣ್ಣ ಕೇಳಿಕೊಂಡು ಹತ್ತಿ. ಮೆಜೆಸ್ಟಿಕ್ಕಿನಲ್ಲಿ ಎಲ್ಲರೂ ಇಳಿದರೆಂದು ನೀವು ಇಳಿಯಬೇಡಿ. ಜೊತೆಯವರು ತಪ್ಪಿಹೋದರೆ ಓಡಾಡಬೇಡಿ, ಮುಂದಿನ ರೈಲಿನಲ್ಲಿ ಹಿಂದೆಯೇ ಹೋಗಿ. ಹತ್ತುವ ಮುಂಚೆ, ತಪ್ಪಿಸಿಕೊಂಡರೆ ಗೇಟಿನ ಒಳಗೇ ಕೂತಿರಿ ಎಂದು ಹಿರಿಯರಿಗೆ ಹೇಳಿಡಿ. ಟೋಕನ್ ಮಾತ್ರ ಅವರವರ ಕೈಯಲ್ಲೇ ಇರಲಿ.

ಕೆಂಚಮ್ಮತ್ತಿಗೆಯದು ಮುಂದಿನ ಸಲವೂ ನನ್ನ ಹತ್ತಿರವೇ ಇರುತ್ತದೆ. ನಾನು ಕೊಡುತ್ತೇನೆಂದರೂ ಅವರು ಇಸಿದುಕೊಳ್ಳಲು ಒಪ್ಪುತ್ತಿಲ್ಲ.