ಎಣ್ಣೆ ಹಚ್ಚಿಸಿಕೊಂಡವನು

ನರಕಚತುರ್ದಶಿಯ ಬೆಳಗಿನ ಜಾವ ಪಕ್ಕದ ಫ್ಲ್ಯಾಟಿನಿಂದ ಎಳ್ಳೆಣ್ಣೆ ಕಾಯಿಸುವ ವಾಸನೆ ಬಂದರೆ ಸಾಕು, ಜೆ.ಪಿ. ನಗರದಲ್ಲಿ ಒಬ್ಬನೇ ಇರುವ ನನಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನನ್ನದು ಜಯನಗರದ ಹಳೆಯ ಮನೆಗೆ ಎಳೆದೊಯ್ಯುತ್ತದೆ. ಆ ಜಾಗದಲ್ಲಿ ಈಗ ಯಾವುದೋ ಶೋರೂಮು. ತಾಯಿಯಿಲ್ಲದ ನನ್ನನ್ನು ಅಲ್ಲಿ ಸಾಕಿದವಳು ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ದಿನಾ ನನ್ನ ತಲೆ ಬಾಚಿ, ಕೈತುತ್ತು ಹಾಕುತ್ತಿದ್ದ ಆ ಕೈ ಹಬ್ಬದ ದಿನ ಮಾತ್ರ ಹಿಂದೆ ಸರಿಯುತ್ತಿತ್ತು. ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಮೊದಲ ಎಣ್ಣೆ ಇಡುವುದು ಮುತ್ತೈದೆಯ ಕೆಲಸ. ಅದಕ್ಕೆ ಎದುರುಮನೆಯ ಕಮಲಮ್ಮನವರೇ ಬರಬೇಕು. ಅತ್ತೆ ಅವರ ಕೈಗೆ ಬಟ್ಟಲು ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಎಂಥ ಶಾಸ್ತ್ರವೋ, ಈಗಲೂ ನೆನೆದರೆ ಮೈ ಉರಿಯುತ್ತದೆ.

ಮಹಡಿಯ ಬಾಡಿಗೆ ಮನೆಯಲ್ಲಿ ರೂತ್ ಮಿಸ್ ಇದ್ದರು. ಪಾದ್ರಿಯಾಗಲು ಓದುವವರಿಗೆ ಗ್ರೀಕ್ ಕಲಿಸುತ್ತಿದ್ದ ಒಂಟಿ ಜೀವ. ಸಂಜೆ ಬಿಸ್ಕತ್ತಿನ ಆಸೆಗೆ ನಾನು ಮೆಟ್ಟಿಲು ಹತ್ತಿದರೆ ಜೊತೆಗೆ ಪಾಠವೂ ಸಿಗುತ್ತಿತ್ತು. “ಕ್ರಿಸ್ತ ಅನ್ನೋದು ಹೆಸರಲ್ಲ ಕಣೋ, ಬಿರುದು,” ಎಂದರು ಒಮ್ಮೆ. “ಗ್ರೀಕಲ್ಲಿ ಕ್ರಿಸ್ತೋಸ್ ಅಂದ್ರೆ ಎಣ್ಣೆ ಹಚ್ಚಿಸ್ಕೊಂಡವನು. ಹಚ್ಚು ಅನ್ನೋ ಕ್ರಿಯಾಪದದಿಂದ ಬಂದಿದ್ದು. ರಾಜರಿಗೆ, ಪುರೋಹಿತರಿಗೆ ತಲೆ ಮೇಲೆ ಎಣ್ಣೆ ಹುಯ್ದು, ಇವನು ದೇವರಿಗೆ ಬೇಕಾದವನು ಅಂತಿದ್ರು.” ತಾನೇ ಹಚ್ಚಿಕೊಂಡರೆ ಆಗುವುದಿಲ್ಲವೇ ಎಂದು ಕೇಳಿದೆ. “ಊಹೂಂ, ಇನ್ನೊಬ್ರು ಹಚ್ಚಬೇಕು. ಯಾರು ಅಂತ ಆ ಪದ ಕೇಳಲ್ಲ.”

ಆ ವರ್ಷ ಕಮಲಮ್ಮನವರು ಮಗಳ ಬಾಣಂತನಕ್ಕೆ ಹೋಗಿದ್ದರು. ನಾನು ಬರಿಮೈಯಲ್ಲಿ ಮಣೆಯ ಮೇಲೆ ನಡುಗುತ್ತ ಕೂತಿದ್ದೆ. “ನೀನೇ ಒಂದು ತೊಟ್ಟು ಇಟ್ಕೊಂಡ್ಬಿಡು ಪುಟ್ಟಾ,” ಎಂದಳು ಅತ್ತೆ. ನಾನು ಮೊಂಡು ಹಿಡಿದೆ. “ನಾನೇ ಇಟ್ಕೊಂಡ್ರೆ ಲೆಕ್ಕಕ್ಕಿಲ್ಲ, ರೂತ್ ಮಿಸ್ ಹೇಳಿದಾರೆ. ನೀನೇ ಹಚ್ಚು.” ಅತ್ತೆಯ ಮುಖ ಬಿಳಿಚಿಕೊಂಡಿತು. “ನನ್ನ ಕೈಯಿಂದ ಬೇಡಪ್ಪಾ. ನಿಂಗೇನಾದ್ರೂ ಆದ್ರೆ ನಾನು ಬದುಕಿರಲ್ಲ.” ನಾನು ಏಳಲಿಲ್ಲ. ಹಂಡೆಯ ನೀರು ಆರತೊಡಗಿತು. ಕೊನೆಗೆ ಅವಳ ಬೆರಳು ನನ್ನ ನೆತ್ತಿಗೆ ತಾಗಿತು. ಬೆಚ್ಚಗಿತ್ತು.

ಆ ವರ್ಷವಿಡೀ ಅತ್ತೆ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಸೀನಿದರೆ ಓಡಿಬರುತ್ತಿದ್ದಳು, ಮೈ ಸ್ವಲ್ಪ ಬೆಚ್ಚಗಾದರೆ ಊಟ ಬಿಟ್ಟು ಪಕ್ಕದಲ್ಲೇ ಕೂರುತ್ತಿದ್ದಳು. ಮುಂದಿನ ದೀಪಾವಳಿಗೆ ಕಮಲಮ್ಮನವರು ಊರಲ್ಲೇ ಇದ್ದರು. ಅತ್ತೆ ಅವರನ್ನು ಕರೆಯಲಿಲ್ಲ. ತಾನೇ ಎಣ್ಣೆ ಕಾಯಿಸಿ, ತಾನೇ ಹಾಡು ಹೇಳಿ ಹಚ್ಚಿದಳು. ಆದರೆ ಭಯ ಪೂರ್ತಿ ಹೋಗಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೂ, ಪ್ರತಿ ಹಬ್ಬ ಕಳೆದ ಮೇಲೆ ಎಷ್ಟೋ ದಿನ, ಆಫೀಸಿನಿಂದ ಬಂದವನ ಹಣೆ ಮುಟ್ಟಿ ನೋಡುತ್ತಿದ್ದಳು.

ರೂತ್ ಮಿಸ್ ಹೋದರು, ಅತ್ತೆಯೂ ಹೋದಳು. ನನಗೀಗ ಐವತ್ತು ದಾಟಿದೆ; ಬಿಪಿ ಇಲ್ಲ, ಶುಗರ್ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಕೈಯಿಂದ ನನಗೆ ಯಾವ ಕೇಡೂ ಆಗಲಿಲ್ಲ ಅತ್ತೆ ಎಂದು ಹೇಳೋಣವೆಂದರೆ, ಕೇಳಿ ಸಮಾಧಾನಪಡಲು ಅವಳೇ ಇಲ್ಲ.