ಬಡಗಣ ಗೋಡೆಯ ಕಿಟಕಿ

ಡಾರ್ಬೀಸ್ ಕೋವ್ ಎಂಬ ಮೀನುಗಾರರ ಊರಿನಲ್ಲಿ ಯಾರದಾದರೂ ಹಳೇ ಮನೆಗೆ ಹೊಸ ಕಿಟಕಿ ಬೇಕೆಂದರೆ ಜನ ಡೋರ್ಕಸ್ ಪಾರ್ಡಿಯನ್ನು ಕರೆಯುತ್ತಿದ್ದರು. ಕರೆದದ್ದು ಅವಳೊಬ್ಬಳನ್ನೇ ಆದರೂ ಬರುತ್ತಿದ್ದುದು ಗಂಡ ಹೆಂಡತಿ ಇಬ್ಬರೂ. ಕೆಳಗಿನ ಕಿಟಕಿಗಳೆಲ್ಲ ಗಂಡ ಹೇವರ್ಡ್‌ನ ಪಾಲು, ಮಹಡಿಯವು ಡೋರ್ಕಸಳ ಪಾಲು. ಮನೆಯೆತ್ತರದ ಅಲೆಗಳ ಮೇಲೆ ದೋಣಿ ನಡೆಸಿದ ಹೇವರ್ಡ್‌ಗೆ ಏಣಿಯ ಮೂರನೇ ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. "ಸಮುದ್ರದಲ್ಲಿ ಬಿದ್ರೆ ನೀರು ಹಿಡ್ಕೊಳ್ಳತ್ತೆ. ಇಲ್ಲಿ ಯಾರು ಹಿಡ್ಕೊಳ್ತಾರೆ, ನೀನಾ?" ಎನ್ನುತ್ತಿದ್ದ. "ನಿನ್ನ ಹೊಟ್ಟೆ ನೋಡಿದ್ಮೇಲೆ ಆ ಧೈರ್ಯ ನನಗಿಲ್ಲಪ್ಪ" ಎಂದು ಡೋರ್ಕಸ್ ಸುತ್ತಿಗೆ ಸಿಕ್ಕಿಸಿಕೊಂಡು ಸರಸರ ಹತ್ತುತ್ತಿದ್ದಳು.

ಕಾಡ್ ಮೀನು ಹಿಡಿಯಬಾರದೆಂದು ಸರ್ಕಾರ ಸಮುದ್ರವನ್ನೇ ಮುಚ್ಚಿದಾಗ ಅವನ ದೋಣಿಯೂ ನಿಂತಿತ್ತು, ಅವಳು ಮೀನು ಸೀಳುತ್ತಿದ್ದ ಕಾರ್ಖಾನೆಗೂ ಬೀಗ ಬಿದ್ದಿತ್ತು. ಹೊಸ ಕಸುಬು ಕಲಿಸುವ ತರಗತಿಗೆ ಇಬ್ಬರೂ ಸೇರಿದರು. ಮೀನಿನ ಬೆನ್ನುಮೂಳೆಯನ್ನು ಒಂದೇ ಎಳೆತಕ್ಕೆ ಬಿಡಿಸುತ್ತಿದ್ದ ಡೋರ್ಕಸಳ ಕೈಗೆ ಮನೆಗೋಡೆಯ ಸೈಡಿಂಗ್ ಬಿಡಿಸುವುದು ಕಷ್ಟವೆನಿಸಲಿಲ್ಲ. ಮರದ ಗೋಡೆಗೆ ಅಂಗಿ ತೊಡಿಸಿದ ಹಾಗೆ ಒಂದಕ್ಕೊಂದು ಕಚ್ಚಿಕೊಂಡಿರುವ ಆ ಪ್ಲಾಸ್ಟಿಕ್ ಪಟ್ಟಿಗಳನ್ನು ಸಣ್ಣ ಕೊಕ್ಕೆ ತೂರಿಸಿ ಬಿಚ್ಚಬೇಕು. ಹಳೇ ಕಿಟಕಿ ಕಿತ್ತು, ಹೊಸದು ಕೂರಿಸಿ, ಏನೂ ಆಗಿಲ್ಲವೆಂಬಂತೆ ಪಟ್ಟಿಗಳನ್ನು ಮತ್ತೆ ಕಚ್ಚಿಸಬೇಕು. ಬಿಸಿಲು ಗಾಳಿಗೆ ಒಣಗಿ ಪೆಡಸಾದ ಪಟ್ಟಿಯಾದರೆ ಮಾತ್ರ ಉಸಿರು ಬಿಗಿಹಿಡಿದು ಕೆಲಸ ಮಾಡಬೇಕು.

ಒಂದು ವರ್ಷ ಚಳಿ ಶುರುವಾಗುವ ಹೊತ್ತಿಗೆ ಆಬ್ಸಲಮ್ ರೈಡೌಟ್ ಹೇಳಿ ಕಳಿಸಿದ. ಹೆಂಡತಿ ಐವಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ ಮುದುಕ. ರಸ್ತೆಗೆ ಮುಖ ಮಾಡಿದ ಆ ತಿಳಿಹಸಿರು ಮನೆಯೆಂದರೆ ಅವನಿಗೆ ಪ್ರಾಣ. ಮುಂಭಾಗವನ್ನು ತಾನೇ ಸೋಪುನೀರು ಹಾಕಿ ಉಜ್ಜುತ್ತಿದ್ದ.

"ಗೀರು ಬೀಳ್ಬಾರ್ದು ನೋಡಮ್ಮ, ಚರ್ಚಿಗೆ ಹೋಗೋರೆಲ್ಲ ಈ ಕಡೆ ನೋಡ್ಕೊಂಡೇ ಹೋಗ್ತಾರೆ" ಎಂದ.

ಕೆಲಸವೆಲ್ಲ ಸಲೀಸಾಗಿಯೇ ಸಾಗಿತ್ತು. ಕೊನೆಗೆ ಮುಂಬಾಗಿಲ ಪಕ್ಕದ ಕಿಟಕಿಯ ಬಳಿ, ಹೇವರ್ಡ್‌ನ ಕೈಯಲ್ಲಿ, ಪಟ್ಟಿಯೊಂದು ಬಿಸ್ಕತ್ತಿನಂತೆ ಲಟಕ್ಕನೆ ಮುರಿಯಿತು.

ಹೇವರ್ಡ್ ಹೆಂಡತಿಯ ಮುಖ ನೋಡಿದ. ಡೋರ್ಕಸ್ ಆಕಾಶ ನೋಡಿದಳು. ಆ ಹಸಿರು ಬಣ್ಣ ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

"ಹೆದರ್ಬೇಡ ಆಬ್ಸಲಮ್" ಎಂದಳು. "ಬಡಗಣ ಗೋಡೇಲಿ, ಸೌದೆ ಒಟ್ಟಿದೀಯಲ್ಲ, ಅದರ ಹಿಂದಿಂದು ಒಂದು ಪಟ್ಟಿ ತೆಗೆದು ಇಲ್ಲಿಗೆ ಹಾಕ್ತೀನಿ. ಅಲ್ಲಿಗೆ ಬೇರೆ ಯಾವ್ದಾದ್ರೂ ಹಾಕಿದ್ರೆ ಯಾರು ನೋಡ್ತಾರೆ?"

ಮುದುಕ ಮುರಿದ ತುಂಡನ್ನು ಹೆಕ್ಕಿಕೊಂಡು ಅವಳ ಹಿಂದೆಯೇ ಬಂದ.

ಅವಳು ಸೌದೆ ಸರಿಸಿ, ಕೊಕ್ಕೆ ತೂರಿಸಿ ಪಟ್ಟಿ ಬಿಚ್ಚಿದಳು. ಅದರ ಹಿಂದೆ ಮರದ ಹಲಗೆ ಇರಬೇಕಿತ್ತು, ಗಾಜು ಇತ್ತು. ಇನ್ನೊಂದು ಪಟ್ಟಿ ಬಿಚ್ಚಿದಳು, ಮತ್ತೊಂದು. ಇಡೀ ಒಂದು ಕಿಟಕಿ. ಅದರಾಚೆ ಚೆರ್ರಿ ಹಣ್ಣಿನ ಚಿತ್ರದ ಪರದೆ ನೇತಾಡುತ್ತಿತ್ತು. ಪರದೆಯ ಬೆನ್ನಿಗೇ, ಅಡುಗೆಮನೆಯ ಒಳಗಡೆಯಿಂದ ಹೊಡೆದಿದ್ದ ಪ್ಲೈವುಡ್ ಹಲಗೆ.

"ಆಬ್ಸಲಮ್! ಇದೇನಿದು?"

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದಾ... ಅದು ಐವಿ ಹಾಕಿದ್ದ ಪರದೆ. ಸೈಡಿಂಗ್ ಹೊಡೆಸ್ದಾಗ ನಾನೇ ಮುಚ್ಚಿಸ್ದೆ."

"ಯಾಕೆ?"

ಅವನು ಗದ್ದ ಎತ್ತಿ ಎದುರಿನ ಮನೆ ತೋರಿಸಿದ. ಹತ್ತು ಹೆಜ್ಜೆ ಆಚೆ ಸೆಲೀನಾ ಬರ್ಟ್‌ಳ ಅಡುಗೆಮನೆ ಕಿಟಕಿ. ಅದರಲ್ಲಿ ಸೆಲೀನಾಳ ಮುಖವೂ ಇತ್ತು. ಅವಳ ಗಂಡ ಗಾರ್ಲಂಡ್, ಆಬ್ಸಲಮ್, ಇಬ್ಬರೂ ಒಂದೇ ದೋಣಿಯವರು. ಒಂದು ಸಂಜೆ ಇಸ್ಪೀಟಿನಲ್ಲಿ ಆಬ್ಸಲಮ್ ತುರುಫಿನ ಐದನ್ನು, ಆ ಆಟದ ಅತಿ ದೊಡ್ಡ ಎಲೆಯನ್ನು, ಇಳಿಸದೆ ಬಚ್ಚಿಟ್ಟುಕೊಂಡನೆಂದು ಜಗಳ ಹತ್ತಿತ್ತು. ಸೆಲೀನಾ "ಮೋಸಗಾರ" ಎಂದಿದ್ದಳು. ಗಾರ್ಲಂಡ್ ಸತ್ತು ಎಷ್ಟೋ ಕಾಲವಾಗಿತ್ತು, ಆದರೆ ಆ ಮಾತು ಮುದುಕನ ಎದೆಯಲ್ಲಿ ಹಾಗೇ ಕೂತಿತ್ತು.

"ಐದನ್ನ ತಡೆಹಿಡೀಬೋದು! ಆಟದ ನಿಯಮ ಅದು!" ಎಂದು ಈಗಲೂ ಕೆಂಪಾದ. "ಮುಚ್ಚು ಅದನ್ನ."

"ಮುಚ್ಚೋಣ. ಆದ್ರೆ ಈ ಪಟ್ಟಿ ಇಲ್ಲೇ ಹಾಕಿದ್ರೆ ಮುಂದ್ಗಡೆ ತೇಪೆ."

"ಮುಂದ್ಗಡೆ ತೇಪೆನಾ? ಆಗಲ್ಲ."

"ಸರಿ, ಇಲ್ಲಿ ಬಿಳೀದು ಹಾಕ್ತೀನಿ. ಸೌದೆ ಮರೆ ಇರತ್ತಲ್ಲ."

ಆಬ್ಸಲಮ್ ಯೋಚಿಸಿದ. "ಚಳಿಗಾಲ ಮುಗಿಯೋ ಹೊತ್ತಿಗೆ ಸೌದೆ ಖಾಲಿಯಾಗತ್ತೆ. ಆಬ್ಸಲಮ್ ಮನೆಗೆ ತೇಪೆ ಬಿದ್ದಿದೆ ಅಂತ ಅವಳು ಊರೆಲ್ಲ ಸಾರ್ತಾಳೆ."

"ಹಂಗಾದ್ರೆ ಕಿಟಕಿನೇ ಇರ್ಲಿ ಬಿಡು. ಕಿಟಕಿಗೆ ತೇಪೆ ಅನ್ನೋಕೆ ಅವಳಿಗೂ ಬಾಯಿ ಬರಲ್ಲ."

ಡೋರ್ಕಸಳಿಗೆ ಆ ಚೆರ್ರಿ ಪರದೆಯನ್ನು ಮತ್ತೆ ಪಟ್ಟಿಗಳ ಹಿಂದೆ ಮುಚ್ಚಿಬಿಡಲು ಮನಸ್ಸಿರಲಿಲ್ಲ, ಅಷ್ಟೆ. ಐವಿ ಅವಳಿಗೆ ಕಾರ್ಖಾನೆಯಲ್ಲಿ ಚಾಕು ಹಿಡಿಯುವುದನ್ನು ಕಲಿಸಿದವಳು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮುದುಕ ಸೌದೆಯನ್ನು ನೋಡಿದ, ಎದುರಿನ ಮುಖವನ್ನು ನೋಡಿದ, ಕೊನೆಗೆ "ಏನಾದ್ರೂ ಮಾಡ್ಕೊ" ಎಂದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ.

ಹಳೇ ಚೌಕಟ್ಟು ಮುಟ್ಟಿದರೆ ಉದುರುತ್ತಿತ್ತು. ಆಗ ಹೇವರ್ಡ್ ಕೆಮ್ಮಿದ. ಹಿಂದೊಮ್ಮೆ ಅವನು ತಪ್ಪು ಅಳತೆ ಕೊಟ್ಟು ತರಿಸಿದ ಕಿಟಕಿಯೊಂದು ಅವರ ಶೆಡ್ಡಿನಲ್ಲಿ ಕೋಳಿಗಳಿಗೆ ಕೂರುವ ಜಾಗವಾಗಿತ್ತು. ತೊಳೆದು ತಂದು ಹಿಡಿದು ನೋಡಿದರೆ ಸ್ವಲ್ಪ ಚಿಕ್ಕದು. ಒಳಗಿನ ಪ್ಲೈವುಡ್ ಕಿತ್ತು, ಸುತ್ತ ಮರದ ಪಟ್ಟಿ ಕೊಟ್ಟು ಕೂರಿಸಿದರು.

"ಮುಂದಾಲೋಚನೆ ಅಂದ್ರೆ ಇದು" ಎಂದ ಹೇವರ್ಡ್.

"ಹೌದೌದು, ಕೋಳಿಗಳಿಗೆ ಗೊತ್ತಿತ್ತು" ಎಂದಳು ಡೋರ್ಕಸ್.

ಬಿಚ್ಚಿದ ಪಟ್ಟಿಗಳಲ್ಲಿ ಒಂದು ಮುಂಭಾಗಕ್ಕೆ ಹೋಗಿ ಕಚ್ಚಿಕೊಂಡಿತು. ಮುದುಕ ರಸ್ತೆಗಿಳಿದು, ಬಗ್ಗಿ, ಓರೆಗಣ್ಣಿನಲ್ಲಿ ನೋಡಿ ತೃಪ್ತನಾದ. ಸೆಲೀನಾ ಮಾತ್ರ ಅಂದೇ ತನ್ನ ಕಿಟಕಿಗೆ ಬಟ್ಟೆ ಎಳೆದುಬಿಟ್ಟಳು. ಆಬ್ಸಲಮ್ ಅದನ್ನು ಕಂಡೂ ಕಾಣದವನಂತೆ ಮಾಡಿದ. ಡೋರ್ಕಸಳಿಗೆ ಪೆಚ್ಚೆನಿಸಿತು. ಸುಮ್ಮನೆ ಮುಚ್ಚಿ ಬರಬಹುದಿತ್ತೇನೋ ಎಂದು ದಾರಿಯುದ್ದಕ್ಕೂ ಹೇವರ್ಡ್‌ಗೆ ಹೇಳಿದಳು.

ಹಿಮ ಬಿದ್ದ ಮೇಲೆ ಒಂದು ಬೆಳಿಗ್ಗೆ ಸೆಲೀನಾ ಡೋರ್ಕಸಳನ್ನು ಕರೆಸಿದಳು. ಇವಳು ಹೆದರಿಕೊಂಡೇ ಹೋದಳು. ಕಿಟಕಿಯ ಬಟ್ಟೆ ಸರಿದಿತ್ತು. ಸೆಲೀನಾ ಎಣ್ಣೆಯಲ್ಲಿ ಕರಿದ ಬಿಸಿ ಟೌಟನ್ ರೊಟ್ಟಿಗೆ ಕಾಕಂಬಿ ಸುರಿದು ಮುಂದಿಟ್ಟಳು.

"ಮೊನ್ನೆ ಅವನ ಒಲೆ ಮೇಲೆ ಬಟಾಣಿ ಸೂಪು ಉಕ್ತಿತ್ತು ಕಣೆ. ಇವನು ಕುರ್ಚೀಲಿ ನಿದ್ದೆ. ಹೊರಗೆ ಹೋಗಿ ಅವನ ಗಾಜು ಬಡಿದು ಎಬ್ಬಿಸ್ದೆ. ಕಿಟಕಿ ತೆಗೆದು ಏನಂದ ಗೊತ್ತಾ? 'ಐದನ್ನ ತಡೆಹಿಡೀಬೋದು' ಅಂದ!"

"ಅಯ್ಯೋ. ಕ್ಷಮಿಸು ಸೆಲೀನಾ, ನಾನು ಆ ಕಿಟಕಿ—"

"ಆವತ್ತಿಂದ ದಿನಾ ಬೆಳಿಗ್ಗೆ ಅವನು ಕಿಟಕಿ ತೆಗೆದು ವಾದ ಮಾಡ್ತಾನೆ. ನನ್ನದು ಬಣ್ಣ ಮೆತ್ತಿ ಮೆತ್ತಿ ಅಂಟ್ಕೊಂಡುಬಿಟ್ಟಿದೆ, ತೆಗೆಯೋಕೇ ಬರಲ್ಲ. ಬಾಯಿ ಮುಚ್ಕೊಂಡು ಕೇಳ್ಬೇಕಾ ನಾನು? ಬೇಗ ಹೊಸದು ಹಾಕು. ಮೇಲಕ್ಕೆ ಎತ್ತೋದಲ್ಲ, ಪೂರ್ತಿ ತೆರ್ಕೊಳ್ಳೋದು."

ಡೋರ್ಕಸ್ ನಕ್ಕು ಜೇಬಿನಿಂದ ಟೇಪು ತೆಗೆದಳು. ಆಚೆ ಮನೆಯ ಕಿಟಕಿಯಲ್ಲಿ ಆಬ್ಸಲಮ್ ಚಹಾ ಲೋಟ ಹಿಡಿದು ನಿಂತು, ಅವಳು ಅಳತೆ ತೆಗೆಯುವುದನ್ನೇ ನೋಡುತ್ತಿದ್ದ.

"ಅಳತೆ ಸರಿಯಾಗಿ ತಗೋ" ಎಂದಳು ಸೆಲೀನಾ. "ನಿನ್ನ ಗಂಡನ ಕೈಗೆ ಕೊಡ್ಬೇಡ."