ರಿವರ್ಸ್ ಗೇರಿನಲ್ಲಿ ಬಂದ ಸಾರು

ಕಳೆದ ಸೋಮವಾರ ಪೀಣ್ಯದ ಒಂದು ಕಾರ್ಖಾನೆಯ ಗೇಟಿನೊಳಗೆ ಇನ್ನೂರು ಜನರ ಸಾರು ಹಿಮ್ಮುಖವಾಗಿ ಪ್ರವೇಶಿಸಿತು. ಓಡಿಸುತ್ತಿದ್ದವನು ನಾನು.

ಸಾರು ನನ್ನ ಅಕ್ಕ ಗಂಗಮ್ಮನದು. ನೆಲಮಂಗಲದಾಚೆಯ ನಮ್ಮೂರಲ್ಲಿ ಅಡುಗೆ ಮಾಡಿ, ನಮ್ಮಪ್ಪ ಹರಾಜಿನಲ್ಲಿ ಹಿಡಿದಿದ್ದ ಮುದಿ ಪಿಕಪ್ಪಿನಲ್ಲಿ ಹೇರಿಕೊಂಡು ಆ ಕಾರ್ಖಾನೆಗೆ ಊಟ ಕೊಡುತ್ತಾಳೆ. ನಾನು ಅಂಕಣ ಬರೆಯುವುದು ಕೆಲಸವಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ. ಹಾಗಾಗಿ ಡ್ರೈವರ್ ನಾನು.

ಪಿಕಪ್ಪು ಮೂವತ್ತೈದು ದಾಟಿದರೆ ಅರಚುತ್ತಿತ್ತು. (ವಯಸ್ಸಲ್ಲ, ಸ್ಪೀಡು.) ಎರಡು ದಿನ ಊಟದ ಸೈರನ್ ಕೂಗಿದ ಮೇಲೆ ತಲುಪಿದೆವು. ಇನ್ನೊಂದು ಸಲ ತಡವಾದರೆ ಕ್ಯಾಂಟೀನು ಬೇರೆಯವರಿಗೆ ಎಂದು ಮ್ಯಾನೇಜರು ತಣ್ಣಗೆ ಹೇಳಿದರು.

ಹಾಗಾಗಿ ನಾಗಸಂದ್ರದ ಮೆಕ್ಯಾನಿಕ್ ಬಷೀರ್ ಸಾಬರ ಬಳಿ ಹೋದೆವು. ಎಂಜಿನ್ ಚೆನ್ನಾಗಿದೆ, ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿ ಬದಲಾಯಿಸಿದರೆ ಸಾಕು ಎಂದರು. ಈಗ ಎಂಜಿನ್ ಕಡೆಯಿಂದ ಬರುವ ಶಾಫ್ಟು ಸುಮಾರು ಐದು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಬೇರೆ ಜೋಡಿ ಹಾಕಿದರೆ ನಾಲ್ಕಕ್ಕೂ ಕಡಿಮೆಗೆ ಒಂದು. ಓಟ ಹೆಚ್ಚುತ್ತದೆ, ಎಳೆಯುವ ಬಲ ತಗ್ಗುತ್ತದೆ. ಎರಡೂ ಬೇಕೆಂದರೆ ಹೇಗೆ?

ಕೈ ಒರೆಸಿಕೊಳ್ಳುತ್ತಾ ಅವರು ಒಂದೇ ಪ್ರಶ್ನೆ ಕೇಳಿದರು. “ದಾರೀಲಿ ಏರು ಐತಾ ಸಾರ್?”

ಇಲ್ಲವೇ ಇಲ್ಲ ಎಂದೆವು. (ಹಾಗೆಂದವನು ನೀನೊಬ್ಬನೇ ಎನ್ನುತ್ತಾಳೆ ಅಕ್ಕ ಈಗ. ಎರಡು ಸಲ ಕೇಳಿದ್ದೆ ಎನ್ನುತ್ತಾರೆ ಸಾಬರು. ಇಬ್ಬರನ್ನೂ ನಂಬಬೇಡಿ. ನನ್ನನ್ನೂ.)

ಸೋಮವಾರ ಗಾಡಿ ಹಾರಿತು. ತುಮಕೂರು ರಸ್ತೆಯ ಮರಗಳು ಸರಸರ ಹಿಂದೆ ಸರಿದವು. ಅಕ್ಕ ಸೆರಗು ಬಿಗಿಹಿಡಿದು ಕೂತಿದ್ದಳು, ಖುಷಿಗೋ ಭಯಕ್ಕೋ ಗೊತ್ತಿಲ್ಲ.

ಕಾರ್ಖಾನೆ ಕಣ್ಣಿಗೆ ಬಿತ್ತು. ಅದರ ಮುಂದೆ ಒಂದು ಏರೂ ಇತ್ತು!

ನಾಲ್ಕು ವರ್ಷ ದಿನಾ ಹತ್ತಿದ ಏರು. ಹಳೇ ಗೇರು ಅದನ್ನು ಗೊಣಗದೆ ಹತ್ತಿಸುತ್ತಿದ್ದುದರಿಂದ ನಮ್ಮ ಲೆಕ್ಕದಲ್ಲಿ ಅದು ಸಪಾಟು ರಸ್ತೆ. ಈಗ ಮೊದಲ ಗೇರಿನಲ್ಲೂ ಗಾಡಿ ಅರ್ಧಕ್ಕೇ ನಿಂತಿತು. ಕ್ಲಚ್ಚಿನ ಸುಟ್ಟ ವಾಸನೆ ಸಾರಿನ ಒಗ್ಗರಣೆಯನ್ನು ಮೀರಿತು. ಸೈರನ್ನಿಗೆ ಆರೇಳು ನಿಮಿಷ.

“ಯಾಕ್ಲಾ ಸೀನ, ಮುಂದಕ್ಕೆ ಹೋಗಾಕಿಲ್ವಾ ಇದು?”

“ಇಲ್ಲ ಕಣಕ್ಕ.”

“ಅಂಗಾರೆ ಹಿಂದಕ್ಕೆ ಹೋಗು.”

ವಾಪಸ್ ಹೋಗು ಅಂದಳೋ, ರಿವರ್ಸಿನಲ್ಲಿ ಹತ್ತು ಅಂದಳೋ? ಎರಡನೆಯದೇ ಎಂದು ಅವಳ ವಾದ. ನನಗೆ ಹೊಳೆದದ್ದು ಇಷ್ಟು: ಈ ಗಾಡಿಯ ರಿವರ್ಸ್ ಗೇರು ಮೊದಲ ಗೇರಿಗಿಂತ ನಿಧಾನ, ಬಲ ಜಾಸ್ತಿ. ಕೆಳಗಿಳಿಸಿ ಗಾಡಿ ತಿರುಗಿಸಿದೆ. ಕತ್ತು ಹೊರಳಿಸಿಕೊಂಡು ಹಿಂದುಹಿಂದಾಗಿ ಹತ್ತಿಸಿದೆ. ಮೊದಲು ಅನ್ನದ ಕೊಳಗ ಗೇಟು ದಾಟಿತು, ಆಮೇಲೆ ಸಾರು, ಕೊನೆಗೆ ನಾವು. ವಾಚ್‌ಮನ್ ಯಾವ ಕಡೆಗೆ ಸಲ್ಯೂಟ್ ಹೊಡೆಯುವುದೆಂದು ತಿಳಿಯದೆ ಸುಮ್ಮನೆ ನಿಂತ. ಸೈರನ್ ಆಮೇಲೆ ಕೂಗಿತು. ಕ್ಯಾಂಟೀನು ಉಳಿಯಿತು.

ಸಂಜೆ ಗ್ಯಾರೇಜಿಗೆ ಹೋದಾಗ, ಹಳೇ ಜೋಡಿಯನ್ನೇ ಮತ್ತೆ ಹಾಕಿಕೊಡುತ್ತೇನೆಂದು ಸಾಬರು ನೊಂದುಕೊಂಡು ಹೇಳಿದರು. ನಾನು ತಕ್ಷಣ ಒಪ್ಪಿದೆ. ನನ್ನ ಕತ್ತು ಇನ್ನೂ ನೋಯುತ್ತಿತ್ತು. ಅಕ್ಕ ತಡೆದಳು.

“ಬ್ಯಾಡ ಸಾಬ್ರೇ. ಮೊದ್ಲು ಎಲ್ರುದೂ ಆದ್ಮೇಲೆ ತಳದಾಗಿರೋ ತಣ್ಣನ್ನ ಉಣ್ತಿದ್ದೆ. ಈಗ ಹತ್ತು ನಿಮಿಷ ಉಳೀತೈತೆ. ಹೊರಡೋ ಮುಂಚೆ ಕೂತ್ಕಂಡು ಒಂದು ಬಿಸಿ ಮುದ್ದೆ ಉಣ್ತೀನಿ. ಇವ್ನು ದಿನಾ ಹಿಂದಕ್ಕೇ ಓಡಿಸ್ಲಿ ಬಿಡಿ.”

ಸಾಬರು ನಕ್ಕರು. ನಾನು ನಗಲಿಲ್ಲ. ನಾಲ್ಕು ವರ್ಷ ಅವಳ ಪಕ್ಕದಲ್ಲೇ ಕೂತು ಗಾಡಿ ಓಡಿಸಿದವನು ನಾನು. ಅವಳು ಯಾವಾಗ ಉಣ್ಣುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ.

ಇನ್ನೂರು ಜನರಿಗೆ ಬೇಯಿಸುವವಳು ಒಂದು ಬಿಸಿ ಮುದ್ದೆ ಉಣ್ಣಬೇಕಾದರೆ ಗಾಡಿಯ ಆಕ್ಸಲ್ಲನ್ನೇ ಬಿಚ್ಚಬೇಕಾಯಿತೇ?